ನಮ್ಮನಿಯವರ ನಗಿ

ಮುಲುಂಡ್, ಸೋಮವಾರ

ಧಾತ್ರಿ ಮೇಡಮ್ಮಾರಿಗೆ ಮಲ್ಲಕ್ಕನ ಶರಣು.

ಇವತ್ತು ಉಪವಾಸ. ನೀರು ತುಂಬಿ, ಪೂಜಿ ಮುಗಿಸಿ ಬರಿಯಾಕ ಕುಂತೀನಿ.

ಲಕ್ವಾ ಹೊಡೆದು ನಮ್ಮನಿಯವರ ಬಾಯಿ ಸೊಟ್ಟಾದ ಮ್ಯಾಲ, ನೀವು ಪವಾಯಿ ಲ್ಯಾಬಿನ್ಯಾಗ ಅವರ ಮುಖದ ಮ್ಯಾಲ ಬೆಳಕಿನ ಗೆರಿ ಬಿಟ್ಟು, ಗೆರಿ ಎಷ್ಟು ಬಾಗ್ಯಾವ ನೋಡಿ, ಗುಣ ಎಷ್ಟಾತು ಅಂತ ಅಳೀತೀರಿ. ಶಿವ ನಿಮ್ಮನ್ನ ಚೊಲೋ ಇಟ್ಟಿರಲಿ. ಆದರ ನೀವು ಹೆಸರು ಹಿಡಿದು “ನಗಿ” ಅಂದ್ರ ಸಾಕು, ನಗತಾರಂತ. ಮನ್ಯಾಗ ನಾ ನಗ್ರಿ ಅಂದ್ರ, “ಅಳಿಯಾಕ ನಿನ್ನ ಹಂತ್ಯಾಕ ಮಷೀನ್ ಐತೇನು?” ಅಂತಾರ. ಆ ನಗಿ ನಾ ಇನ್ನೂ ಕಂಡಿಲ್ಲ.

ಮುಂದಿನ ಸಲ ನಾನೂ ಬರಲೇನ್ರಿ? ನೀವು ಗೆರಿ ನೋಡ್ರಿ, ನಗಸೋದು ನನಗ ಬಿಡ್ರಿ. ಬೇಕಾದರ ಗಂಡನ ಹೆಸರೂ ಹಿಡಿದು ಕರೀತೀನಿ.

ಉತ್ತರ ಅವರ ಕೈಯಾಗ ಕೊಡಬ್ಯಾಡ್ರಿ. ನನ್ನ ತಂಗಿ ಮಗಳು ಸಪ್ನಾ ಬಂದು ಇಸಕೊಂಡು ಬರ್ತಾಳ.

ಮಲ್ಲಕ್ಕ