ಬೆಲ್ಟಿನ ತುದಿಯ ಕೆಸರು

ಜೂನ್ ೧೪, ಶನಿವಾರ

ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ, ನಿದ್ದೆ ಎಲ್ಲಿಂದ ಬರಬೇಕು? ಕೊಳ್ಳಲೆಂದು ನೋಡಿದ ಹಳೆ ಕಾರಿನಲ್ಲಿ ಪಾಪುವಿನ ಸೀಟು ಕಟ್ಟಿ ನೋಡಲು ಹಿಂದಿನ ಸೀಟ್‌ಬೆಲ್ಟನ್ನು ಪೂರ್ತಿ ಎಳೆದೆ. ಒಳಗೆ ಸುತ್ತಿಕೊಂಡಿದ್ದ ತುದಿಯಲ್ಲಿ ಗೇಣುದ್ದ ಒಣಗಿದ ಕೆಸರು! ಅಂದರೆ ಕಾರು ನೆರೆಯಲ್ಲಿ ಮುಳುಗಿ ಎದ್ದಿದೆ.

"ಯಾವ್ದೋ ಮಗು ಚಾಕಲೇಟ್ ಒರೆಸಿರ್ಬೇಕು ಮೇಡಂ," ಎಂದು ದಲ್ಲಾಳಿ ಹಲ್ಲುಕಿರಿದ.

"ಚಾಕಲೇಟ್‌ನಲ್ಲಿ ಮರಳಿರುತ್ತೇನ್ರೀ?" ಎಂದೆ.

ನನ್ನ ಗಂಡ ಮೊಣಕೈ ಹಿಡಿದು, "ಸುಮ್ನಿರೇ, ಬಣ್ಣ ಚೆನ್ನಾಗಿದೆ," ಎಂದರು. ಬಣ್ಣವಂತೆ! ಒಳಗೆ ಏರ್‌ಬ್ಯಾಗಿನ ವೈರು ತುಕ್ಕು ಹಿಡಿದಿದ್ದರೆ ನನ್ನ ಕೂಸನ್ನು ಬಣ್ಣ ಕಾಯುತ್ತದೆಯೇ? ಬೇಡವೆಂದು ಪಾಪುವನ್ನೆತ್ತಿಕೊಂಡು ಬಸ್ಸು ಹತ್ತಿದೆ. ಇವರೂ ಮುಖ ಊದಿಸಿಕೊಂಡು ಹಿಂದೆಯೇ ಬಂದರು.

ಆದರೆ ನಾನು ಕೈಬಿಟ್ಟೊಡನೆ ಆ ಬೆಲ್ಟು ಕೆಸರನ್ನು ಬಚ್ಚಿಟ್ಟುಕೊಂಡು ಸರ್ರನೆ ಒಳಸರಿಯಿತಲ್ಲ. ನಾಳೆ ಇನ್ನೊಬ್ಬಳು ಮಗು ಎತ್ತಿಕೊಂಡು ಬರುತ್ತಾಳೆ. ಅವಳು ಪೂರ್ತಿ ಎಳೆದು ನೋಡದಿದ್ದರೆ...