ಆಸರಿಗೆ ಕೊಟ್ಟದ್ದು ಒಪ್ಪಿಗೆಯಲ್ಲ

ಪ್ರೀತಿಯ ಆಯಿ,

ಮೊನ್ನೆ ನಿನ್ನನ್ನು ನೋಡಿದೆ. ಕಾರವಾರದ ಅಹವಾಲು ಸಭೆಯಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ. ಒಂದು ಕೈಯಲ್ಲಿ ತಾಮ್ರದ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ನೀನು ಹೋದ ಮೇಲೆ ಹೀಗೆ ಎದುರಾಗುತ್ತೀ ಎಂದು ಯಾರಿಗೆ ಗೊತ್ತಿತ್ತು?

ಆ ಮಧ್ಯಾಹ್ನ ನೆನಪಿದೆಯಾ? ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಜಾಗ ಅಳೆಯಲು ಬಂದ ಕಂಪನಿಯವರು ಕಾಳಿ ಹೊಳೆಯ ದಂಡೆಯಲ್ಲಿ ಬಿಸಿಲಿಗೆ ನಿಂತಿದ್ದರು. ಬಾಗಿಲು ಹಾಕು ಎಂದೆ ನಾನು. "ದಣದು ಬಂದವ್ರಿಗೆ ಆಸರಿಗೆ ಕೇಳೂದಿಲ್ಲಾ ಅಂದ್ರೆ ಹೆಂಗಾ? ಇದು ಮನೆ ಹೌದಾ ಅಲ್ವಾ?" ಎನ್ನುತ್ತ ನೀನು ಅವರ ಬಾಯಾರಿಕೆಗೆಂದು ಬೆಲ್ಲ, ನೀರು ಹಿಡಿದು ಹೊರಟೆ. ಒಬ್ಬ ಫೋಟೋ ತೆಗೆದ. ನೀನು ನಾಚಿ ಸೆರಗು ಸರಿಮಾಡಿಕೊಂಡೆ. ಅವರು ಕುಡಿದಾದ ಮೇಲೆ ನೀನು ಕೇಳಿದೆ: "ಬೂದಿ ಎಲ್ಲಿ ಹಾಕ್ತ್ರಿ, ತಮಾ?" ಅವರು ಹೊಳೆಯ ಉಪ್ಪುನೀರು ಹತ್ತುವ ನಮ್ಮ ಗಜನಿ ಗದ್ದೆಯತ್ತ ಕೈ ತೋರಿಸಿದರು. "ಅಲ್ಲಿ ಬ್ಯಾಡ. ಅದು ಉಂಬೂ ಗದ್ದೆ." ಅವರು ನಕ್ಕರು.

ಆ ಉಪ್ಪುನೀರಿನ ಕೆಸರಲ್ಲಿ ಸೀರೆ ಎತ್ತಿಕಟ್ಟಿ ನೀನು ಭತ್ತ ಕೊಯ್ಯುತ್ತಿದ್ದೆ. ಅದರ ಗಂಜಿ, ಕೆಂಡದಲ್ಲಿ ಸುಟ್ಟ ಬಂಗಡೆ, ಮನೆಯೆಲ್ಲ ಹಬ್ಬುತ್ತಿದ್ದ ಆ ವಾಸನೆ... ಅದೆಲ್ಲ ಯಾವ ನಕ್ಷೆಯಲ್ಲಿದೆ, ಆಯಿ? ನಿನ್ನ ಕಾಲದಲ್ಲೇ ಈ ಸೀಮೆ ಅಣೆಕಟ್ಟಿಗೆ ಕಾಡು ಕೊಟ್ಟಿತು, ನೌಕಾನೆಲೆಗೆ ಕಡಲತೀರ ಕೊಟ್ಟಿತು. ಇನ್ನೂ ಎಷ್ಟು? ಹೀಗೆ ಕೇಳಿದರೆ ನಾವು ಅಭಿವೃದ್ಧಿಯ ವೈರಿಗಳು.

ಸಭೆಯಲ್ಲಿ ಕಂಪನಿಯವನು ನಿನ್ನ ಚಿತ್ರ ತೋರಿಸಿ, "ಸ್ಥಳೀಯರು ಬೆಲ್ಲ ಕೊಟ್ಟು ಬರಮಾಡಿಕೊಂಡಿದ್ದಾರೆ, ಅವರ ಒಪ್ಪಿಗೆಯಿದೆ" ಎಂದ. ಎದ್ದು ನಿಂತವಳು ನಿನಗೆ ಮೀನು ತರುತ್ತಿದ್ದ ಕೇಣಿ ಊರಿನ ಸುಮಿತ್ರಕ್ಕ. "ನಮ್ಮಲ್ಲಿ ಜಪ್ತಿಗೆ ಬಂದವ್ರಿಗೂ ಆಸರಿಗೆ ಕೊಡ್ತೇವೆ, ಸಾಯ್ಬ್ರೆ. ಹಂಗಂತ ಮನೆ ಬರ್ದು ಕೊಟ್ಟಾಂಗಾ? ನಾಳೆ ನಮ್ಮನೆಗೂ ಬನ್ನಿ, ಚಾ ಕುಡೀರಿ. ಮತ್ತೆ ದೋಣಿ ಕೇಳ್ಬೇಡಿ!" ಇಡೀ ಸಭೆ ನಕ್ಕಿತು.

ಆ ನಗುವಿನಲ್ಲಿ ನನಗೂ ಧೈರ್ಯ ಬಂತು. ವಿರೋಧಿಸುವವರ ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತರ ಬಳಿ ಹೋಗಿ, ನನ್ನದಕ್ಕಿಂತ ಮೊದಲು ನಿನ್ನ ಹೆಸರು ಹೇಳಿದೆ.

"ತೀರಿಕೊಂಡವರದ್ದು ಬರೆಯೂಕೆ ಬರೂದಿಲ್ಲ, ಬಾಯಿ."

"ತೀರಿಕೊಂಡವರ ಒಪ್ಪಿಗೆ ಮಾತ್ರ ನಡೀತದಾ?"

ಅವರು ಪರದೆಯತ್ತ ನೋಡಿದರು. ಆಮೇಲೆ ಪೆನ್ನು ಎತ್ತಿಕೊಂಡು, ವಿರೋಧಿಸುವವರ ಇಂಗ್ಲಿಷ್ ಪಟ್ಟಿಯಲ್ಲಿ ನಿನ್ನ ಹೆಸರು ಬರೆದರು.

ಸ್ಥಾವರ ಬರುತ್ತದೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ. ಆದರೆ ಸಹಿ ಹಾಕಲೂ ಬಾರದಿದ್ದ ನೀನು, ಆಯಿ, ಈಗ ಸರ್ಕಾರದ ಕಡತದಲ್ಲಿ ಇಂಗ್ಲಿಷಿನಲ್ಲಿ 'ಬೇಡ' ಎಂದಿದ್ದೀಯ.

ನಿನ್ನ
ಸುಧಾ