ನನ್ನ ಗೇಟಿನ ಬೀಗ, ನಿಮ್ಮ ಐನೂರು ಕಿಲೋವೋಲ್ಟಿನ ತಂತಿ

ಮಾರ್ಗ ನಿಗದಿ ಮಾಡುವ ಮಾನ್ಯ ಅಧಿಕಾರಿಗಳೇ,

ನೀವು ಎಳೆಯಲಿರುವ ಐನೂರು ಕಿಲೋವೋಲ್ಟಿನ ತಂತಿ ನಮ್ಮ ಕ್ವಾರಿ ರಸ್ತೆಯ ಮೇಲೆ, ನನ್ನ ಕೆರೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಆ ರಸ್ತೆ ಬಿಟ್ಟರೆ ಇಲ್ಲಿನ ಹನ್ನೊಂದು ಮನೆಗಳಿಗೆ ಒಳಬರಲು, ಹೊರಹೋಗಲು ಬೇರೆ ದಾರಿಯಿಲ್ಲ. ನನಗೆ ಭಯವಾಗಿದೆ. ನಿಮ್ಮ ಆಕ್ಷೇಪಣೆಯ ನಮೂನೆಯಲ್ಲಿ ‘ದೃಶ್ಯ ಸೌಂದರ್ಯ’ಕ್ಕೆ ಜಾಗವಿತ್ತು, ‘ಜಮೀನಿನ ಮೌಲ್ಯ’ಕ್ಕೆ ಜಾಗವಿತ್ತು, ಭಯಕ್ಕೆ ಇರಲಿಲ್ಲ. ‘ಇತರೆ’ ಎಂಬಲ್ಲಿ ಬಿಟ್ಟಿದ್ದ ಎರಡು ಗೆರೆ ನನ್ನ ಭಯಕ್ಕೆ ಸಾಲದೆ ಬಂದದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಆಲೂಗಡ್ಡೆ ಬೆಳೆಯುವವನು. ಬಲ್ಲಾರಟ್‌ನ ಆಚೆಯ ಈ ಕೆಂಪು ಮಣ್ಣಿಗೆ ಇಟಲಿಯಿಂದ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಎರಡು ವರ್ಷ ಕಾಲೇಜಿನ ಸಂಜೆ ತರಗತಿಗೆ ಹೋಗಿ ಇಂಗ್ಲಿಷ್ ಕಲಿತೆ. ಉಳಿದದ್ದನ್ನು ಹೆಂಡತಿ ನೊರೀನ್ ಕಲಿಸಿದಳು, ಹೆಚ್ಚಾಗಿ ಬೈಗುಳದ ಮೂಲಕ. ಅವಳು ತೀರಿಕೊಂಡು ಆರು ವರ್ಷವಾಯಿತು, ಕಲಿತದ್ದು ಒಂದೊಂದಾಗಿ ಮರೆತುಹೋಗುತ್ತಿದೆ. ಆದ್ದರಿಂದ ನಿಮ್ಮ ಕೈಪಿಡಿಯಲ್ಲಿ ಬೆಂಕಿಯ ವಿಷಯಕ್ಕೆ ‘ರೆಸಿಡ್ಯುಯಲ್ ರಿಸ್ಕ್’ ಎಂದು ಬರೆದದ್ದನ್ನು ಓದಿ ಬಹಳ ಹೊತ್ತು ಕುಳಿತೆ. ರೆಸಿಡ್ಯೂ ಎಂದರೆ ಪಾತ್ರೆಯ ತಳದಲ್ಲಿ ಉಳಿಯುವ ಗಸಿ ಎಂದು ಮೇಷ್ಟ್ರು ಹೇಳಿದ್ದ ನೆನಪು. ಅಂದರೆ ಎಲ್ಲ ಲೆಕ್ಕಾಚಾರ ಸೋಸಿದ ಮೇಲೆ ತಳದಲ್ಲಿ ಉಳಿದದ್ದು ನಾವು ಹನ್ನೊಂದು ಮನೆಯವರೇ?

ಈಗ ನನ್ನ ತಪ್ಪನ್ನು ಹೇಳಬೇಕು. ಅದನ್ನು ಹೇಳದಿದ್ದರೆ ಉಳಿದದ್ದನ್ನು ಹೇಳುವ ಹಕ್ಕು ನನಗಿಲ್ಲ.

ನಮ್ಮ ಕಡೆ ಗೇಟಿನ ಸರಪಳಿಯ ಎರಡು ತುದಿಗಳ ನಡುವೆ ಹಲವು ಬೀಗಗಳಿರುತ್ತವೆ, ಒಂದರ ಕೊಂಡಿಗೆ ಇನ್ನೊಂದು ಸಿಕ್ಕಿಸಿದಂತೆ. ಒಂದು ಮನೆಯವರದು, ಒಂದು ಸುಗ್ಗಿಯಲ್ಲಿ ಮಾತ್ರ ಬರುವ ಲಾರಿಯವರದು, ಒಂದು ಅಗ್ನಿಶಾಮಕ ಸ್ವಯಂಸೇವಕರದು. ಯಾರು ತಮ್ಮ ಬೀಗ ತೆಗೆದರೂ ಇಡೀ ಸರಪಳಿ ಬಿಚ್ಚಿಕೊಳ್ಳುತ್ತದೆ. ಕಳೆದ ವಸಂತದಲ್ಲಿ ನಿಮ್ಮ ಸರ್ವೆಯವರು ಕೇಳದೆಯೇ ಒಳನುಗ್ಗುತ್ತಾರೆಂಬ ಸುದ್ದಿ ಬಂತು. ಸಭೆಯಲ್ಲಿ ಎಲ್ಲರೂ ಗೇಟು ಭದ್ರಪಡಿಸುವುದೆಂದು ಕೈ ಎತ್ತಿದೆವು. ನಾನು ಅಂಗಡಿಗೆ ಹೋಗಿ ಯಾವ ಕಟರಿಗೂ ಬಗ್ಗದ ಬೀಗ ಕೊಡಿ ಎಂದು ಕೇಳಿ, ಮುಷ್ಟಿಯಷ್ಟು ದಪ್ಪದ್ದನ್ನು ತಂದೆ. ತಂದವನು ಸರಪಳಿಯ ಎರಡು ತುದಿಗಳನ್ನೇ ನೇರವಾಗಿ ಸೇರಿಸಿ ಹಾಕಿಬಿಟ್ಟೆ. ಉಳಿದ ಬೀಗಗಳು ತಮ್ಮ ಜಾಗದಲ್ಲೇ ತೂಗಾಡುತ್ತಿದ್ದವು, ಆದರೆ ಅವನ್ನು ತೆಗೆದರೆ ಏನೂ ತೆರೆಯುತ್ತಿರಲಿಲ್ಲ. ನೊರೀನ್ ಇದ್ದಿದ್ದರೆ ಒಮ್ಮೆ ಸರಪಳಿ ಎಳೆದು ನೋಡುತ್ತಿದ್ದಳು. ನಾನು ನೋಡಲಿಲ್ಲ.

ನಡುಬೇಸಿಗೆ, ಫೆಬ್ರವರಿಯ ಒಂದು ಮಧ್ಯಾಹ್ನ, ಉತ್ತರದ ಬಿಸಿಗಾಳಿ. ನನ್ನ ಹಿಂದಿನ ಜಮೀನಿನ ಡೆಸ್ ಮಲ್ಕೆಹಿಯ ಹುಲ್ಲು ಕಟ್ಟುವ ಯಂತ್ರದಿಂದ ಕಿಡಿ ಹಾರಿತು. ರಸ್ತೆಯಿಂದ ಅವನ ಹಿಂಬದಿಯ ಹೊಲಕ್ಕೆ ಲಾರಿ ಹೋಗಲು ನನ್ನ ಗೇಟೇ ದಾರಿ. ನೀರಿನ ಲಾರಿ ಬಂತು, ದಳದ ನಾಯಕಿ ಗ್ಲೆನಿಸ್ ಇಳಿದಳು, ತನ್ನ ಬೀಗಕ್ಕೆ ಕೀಲಿ ಹಾಕಿದಳು. ಬೀಗ ತೆರೆಯಿತು, ಗೇಟು ತೆರೆಯಲಿಲ್ಲ. ನಾನು ಮೇಲಿನ ಹೊಲದಿಂದ ಕೀಲಿ ಹಿಡಿದು ಓಡಿ ಬರುತ್ತಿದ್ದೆ. ಎಪ್ಪತ್ತಾರರ ಕಾಲು ಎಷ್ಟು ಓಡೀತು? ಕೊನೆಗೆ ಅವರು ಬೇಲಿ ಕತ್ತರಿಸಿ, ಚರಂಡಿ ಇಳಿಸಿ ಲಾರಿ ದಾಟಿಸಿದರು. ನಾಲ್ಕು ನಿಮಿಷ. ಅಷ್ಟರಲ್ಲಿ ಡೆಸ್‌ನ ಕುರಿಯುಣ್ಣೆ ಕತ್ತರಿಸುವ ಕೊಟ್ಟಿಗೆ ಸುಟ್ಟುಹೋಯಿತು. ಒಳಗಿದ್ದ ನಾಯಿಯನ್ನು ಬಿಡಿಸಲು ಹೋಗಿ ಅವನ ಎರಡೂ ಕೈ ಸುಟ್ಟವು.

ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವನು, “ಬೀಗ ಭಾರಿ ಗಟ್ಟಿ ಕಣೋ ಸಿಲ್ವಿಯೊ, ಯಾವ ಅಂಗಡೀದು? ನನ್ನ ಹೆಂಡ್ತಿ ಬಿಸ್ಕತ್ ಡಬ್ಬಕ್ಕೆ ಒಂದು ಬೇಕಂತೆ” ಎಂದ. ಬ್ಯಾಂಡೇಜಿನ ಕೈ ಎತ್ತಿ ನಕ್ಕ.

ಹೊರಗೆ ಗ್ಲೆನಿಸ್ ನಿಂತಿದ್ದಳು. “ಬೇಲಿ ಇತ್ತು, ಕತ್ತರಿಸಿದ್ವಿ. ಡೆಸ್ ಬದುಕ್ಕೊಂಡ” ಎಂದಳು.

“ಆ ತಂತಿ ಬಂದ ಮೇಲೆ?” ಎಂದು ಕೇಳಿದೆ.

ಅವಳು ನೆಲ ನೋಡುತ್ತಾ ಹೇಳಿದಳು: “ದಟ್ಟ ಹೊಗೇಲಿ ಕರೆಂಟು ತಂತಿಯಿಂದ ನೆಲಕ್ಕೆ ಹಾರುತ್ತೆ. ಲೈನ್ ಆಫ್ ಆಗಿದೆ ಅಂತ ಖಾತ್ರಿ ಆಗೋವರೆಗೂ ನನ್ನವರನ್ನ ಅದರ ಕೆಳಗೆ ಕಳಿಸಲ್ಲ. ಹೆಲಿಕಾಪ್ಟರೂ ನೀರು ತುಂಬಿಕೊಳ್ಳೋಕೆ ನಿನ್ನ ಕೆರೆಗೆ ಇಳಿಯಲ್ಲ. ಒಳಗೆ ನೀನಿದ್ರೂ ಅಷ್ಟೇ, ಸಿಲ್ವಿಯೊ. ಬೇಜಾರು ಮಾಡ್ಕೋಬೇಡ.”

ಬೇಜಾರಿಲ್ಲ. ಅವಳು ಹೇಳಿದ್ದು ಸರಿ, ಅದಕ್ಕೇ ಭಯ. ಪಕ್ಕದಲ್ಲಿ ಕತ್ತರಿಸಲು ನಿಮ್ಮ ತಂತಿಗೆ ಬೇಲಿಯಿಲ್ಲವಲ್ಲ! ಊರ ಸಭಾಂಗಣಕ್ಕೆ ಬಂದ ನಿಮ್ಮ ಪ್ರತಿನಿಧಿ, “ಅಗತ್ಯ ಬಿದ್ರೆ ಲೈನ್ ಆಫ್ ಮಾಡಿಸಬಹುದು ಸರ್” ಎಂದರು. ಎಷ್ಟು ನಿಮಿಷದಲ್ಲಿ ಎಂದು ಕೇಳಿದೆ. “ನಿಮ್ಮ ಪ್ರಶ್ನೆ ನೋಟ್ ಮಾಡ್ಕೊಂಡಿದೀವಿ” ಎಂದರು. ಬಹಳ ಅಂದವಾದ ಅಕ್ಷರ, ನಾನೇ ಇಣುಕಿ ನೋಡಿದೆ. ಐದು ತಿಂಗಳಾಯಿತು, ಆ ಅಕ್ಷರ ಈಗ ಎಲ್ಲಿದೆಯೋ. ನಾಲ್ಕು ನಿಮಿಷಕ್ಕೆ ಏನೇನು ಹೋಗುತ್ತದೆಂದು ನಾನು ಕಂಡಿದ್ದೇನೆ. ನೀವು ಕಂಡಿದ್ದೀರಾ? ಈ ತಂತಿ ಸಾಗಿಸುವ ಗಾಳಿಯಂತ್ರದ ಕರೆಂಟು ಪಟ್ಟಣಕ್ಕೆ ಬೇಕು, ಒಪ್ಪುತ್ತೇನೆ. ನನ್ನ ಮನೆಯಲ್ಲೂ ದೀಪವಿದೆ. ಆದರೆ ರೈಲು ಹಳಿಯ ಪಕ್ಕದ ಬಯಲು ಮಾರ್ಗ ನಿಮ್ಮದೇ ನಕ್ಷೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಇದೆಯಲ್ಲ, ಅದನ್ನು ಕೈಬಿಟ್ಟದ್ದೇಕೆ? ಆರು ಕಿಲೋಮೀಟರ್ ಹೆಚ್ಚಾಗುತ್ತದೆ ಎಂದೇ?

ನನ್ನ ಬೇಡಿಕೆ ಇಷ್ಟು. ತಂತಿಯನ್ನು ನಮ್ಮ ರಸ್ತೆಯಿಂದ, ಕೆರೆಯಿಂದ ಸರಿಸಿ. ಆಗದೆಂದರೆ, ಬೆಂಕಿ ಬಿದ್ದಾಗ ಲೈನ್ ಆಫ್ ಮಾಡುವವರು ಯಾರು, ಅವರ ಫೋನ್ ನಂಬರ್ ಯಾವುದು, ಎಷ್ಟು ನಿಮಿಷ ಬೇಕು ಎಂಬುದನ್ನು ನಿಮ್ಮ ಸಹಿಯೊಂದಿಗೆ ಬರೆದುಕೊಡಿ. ಗ್ಲೆನಿಸ್ ಅದನ್ನು ಲಾರಿಯಲ್ಲಿ ಇಟ್ಟುಕೊಳ್ಳುತ್ತಾಳೆ. ನಂಬರ್ ಬರೆಯುವಾಗ ನಿಮ್ಮ ಕೈ ಹಿಂಜರಿದರೆ, ಮಾರ್ಗ ಬದಲಿಸಲು ಅದೇ ಕಾರಣ ಸಾಕು.

ನನ್ನ ದಪ್ಪ ಬೀಗವನ್ನು ತೆಗೆದಿದ್ದೇನೆ. ಸರಪಳಿಯಲ್ಲಿ ಎಲ್ಲರ ಬೀಗಗಳೂ ಮತ್ತೆ ಸಾಲಾಗಿವೆ, ನಿಮ್ಮದಕ್ಕೂ ಒಂದು ಜಾಗ ಬಿಟ್ಟಿದ್ದೇನೆ. ಇದಕ್ಕೆ ಊರವರು ನನ್ನನ್ನು ಬೈಯುತ್ತಿದ್ದಾರೆ, ಬೈಯಲಿ. ನೀವು ಬನ್ನಿ, ಬೇಕಾದಷ್ಟು ಅಳೆಯಿರಿ. ಆದರೆ ಉತ್ತರದ ಗಾಳಿ ಬೀಸುವ ದಿನ ನೀವೇ ಬನ್ನಿ. ಕೆರೆಯ ಏರಿಯ ಮೇಲೆ ನನ್ನ ಜೊತೆ ನಾಲ್ಕು ನಿಮಿಷ ಸುಮ್ಮನೆ ನಿಂತು ಹೋಗಿ.

ಇಂತಿ,
ಕ್ವಾರಿ ರಸ್ತೆಯ ಕೊನೆಯ ಮನೆಯಲ್ಲಿದ್ದು, ದಿನಕ್ಕೆರಡು ಸಲ ಸರಪಳಿ ಎಳೆದು ನೋಡುತ್ತಿರುವ
ಸಿಲ್ವಿಯೊ ಬ್ರೆಂತಾರಿ